ಕಾಕಾನ ಕಾರು, ಚಾಚಾನ ಆಯಿಲ್

ಕಲಬುರಗಿಯಲ್ಲಿ ಹಳೇ ಕಾರು ಇಟ್ಟುಕೊಂಡವರು ಮೂರು ಭಾಷೆಯಲ್ಲಿ ಆಯಿಲ್ ಕೊಳ್ಳಬೇಕಾಗುತ್ತದೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷ್, ಗ್ಯಾರೇಜಿನ ಮಾತು ದಖನಿ, ದುಡ್ಡು ಕೊಡುವ ಮನೆಯವರ ಮಾತು ಕನ್ನಡ. ನಿಜಾಮರ ಆಡಳಿತ 1948ಕ್ಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಪಾನಾ, ಪೇಚಕಸ್, ಮಿಸ್ತ್ರಿ, ಮರಮ್ಮತ್ತು ಎಲ್ಲ ಇದ್ದಲ್ಲೇ ಇವೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆಯಾಗುವುದು ಗಾಡಿಯ ಜಡ್ಡನ್ನು ನಾವು ಅರ್ಧಂಬರ್ಧ ಹೇಳಿದಾಗ. ‘ಆವಾಜ್ ಬರ್ಲತ್ತದ, ಛಲೋ ಆಯಿಲ್ ಹಾಕ್ರಿ’ ಅಂದುಬಿಟ್ಟರೆ ಮಿಸ್ತ್ರಿಯ ಕೈ ದಪ್ಪ ಆಯಿಲ್ ಡಬ್ಬಿಯ ಕಡೆಗೇ ಹೋಗುತ್ತದೆ.

ಕಮಲಾಪುರದ ನಮ್ಮ ಕಾಕಾನ ಹತ್ತಿರ ಮಾರುತಿ 800 ಇದೆ. 1983ರಲ್ಲಿ ಶುರುವಾದ ಆ ಮಾದರಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದಮೇಲೆ ಇವತ್ತು ರಸ್ತೆಯಲ್ಲಿರುವ ಯಾವ 800 ಕೂಡ ಹೊಸದಲ್ಲ. ಮನೆಯ ಲಗ್ನ, ದವಾಖಾನೆ, ತೋಟದ ಕೆಂಪು ಬಾಳೆಗೊನೆ ಎಲ್ಲವನ್ನೂ ಹೊತ್ತ ಗಾಡಿ ಅದು. ಈಚೆಗೆ ಆಯಿಲ್ ಕಡಿಮೆಯಾಗತೊಡಗಿದ್ದರಿಂದ ಹುಮನಾಬಾದ್ ರಸ್ತೆಯ ಒಂದು ಗ್ಯಾರೇಜಿಗೆ ತಂದೆವು. ಅಲ್ಲಿಯ ಹಿರಿಯ ಮಿಸ್ತ್ರಿಯನ್ನು ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ.

‘ಏ ಛೋಟು, ಗೇಜ್ ನಿಕಾಲ್’ ಎಂದು ಹುಡುಗನಿಗೆ ಹೇಳಿ, ಚಾಚಾ ಕಾಕಾನ ಕಡೆ ತಿರುಗಿ ಕನ್ನಡಕ್ಕೆ ಇಳಿದರು.

‘ಮುಂಜಾನಿ ಸ್ಟಾರ್ಟ್ ಮಾಡಿದಾಗ ಹೊಗಿ ಬರ್ತದೇನ್ರಿ?’

‘ಬರ್ತದ್ರಿ. ಒಂದೀಟು ಬಂದು ನಿಂದರ್ತದ.’

‘ಮಹಾಗಾಂವ ಕ್ರಾಸ್ ದಾಟಿ ಜೋರು ಹೊಡದಾಗ?’

‘ಆವಾಗ ಏನೂ ಇಲ್ಲ.’

‘ನೀಲಾ ಹೈ ಯಾ ಸಫೇದ್?’ ಇದು ನನಗೆ ಬಂದ ಪ್ರಶ್ನೆ. ನೀಲಿ ಎಂದೆ. ಚಾಚಾ ಗೇಜನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು, ಬಿಸಿಲಿಗೆ ಹಿಡಿದು ಕಾಕಾನಿಗೂ ತೋರಿಸಿದರು. ಆಯಿಲ್ ಕೆಳಗಿನ ಗೆರೆಯ ಹತ್ತಿರ ಇತ್ತು. ‘ವಾಲ್ವ್ ಸೀಲ್ ಸೂಖ್ ಗಯೇ. ರಿಂಗ್ ಠೀಕ್ ಹೈ.’

ಚಾಚಾ ಕೇಳಿದ ಮೂರು ಪ್ರಶ್ನೆಗಳಲ್ಲಿ ಅರ್ಧ ವೈದ್ಯ ಮುಗಿದಿತ್ತು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒಣಗಿದ ಸೀಲ್‌ಗಳ ಸಂದಿಯಿಂದ ಆಯಿಲ್ ಹನಿಹನಿಯಾಗಿ ಸಿಲಿಂಡರಿಗೆ ಇಳಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದೇ ಸುಟ್ಟು ನೀಲಿ ಹೊಗೆಯಾಗುತ್ತದೆ. ರಿಂಗ್ ಸವೆದಿದ್ದರೆ ಹೊಗೆ ಕಾಣುವುದು ಎಂಜಿನ್ ಮೇಲೆ ಭಾರ ಬಿದ್ದಾಗ. ದಪ್ಪ ಆಯಿಲ್ ಸವೆದ ರಿಂಗಿಗೆ ಕೊಂಚ ಆಸರೆ ಕೊಟ್ಟೀತು. ಒಣಗಿದ ರಬ್ಬರಿಗೆ ಅದು ಮದ್ದಲ್ಲ.

ಡಬ್ಬಿಯ ಮೇಲಿನ ಅಂಕಿಗಳ ವಿಚಾರಕ್ಕೆ ಬರೋಣ. 20ಡಬ್ಲ್ಯು-50, 15ಡಬ್ಲ್ಯು-40, 5ಡಬ್ಲ್ಯು-30 ಇವು ಎಸ್‌ಎಇ ದರ್ಜೆಗಳು. ಡಬ್ಲ್ಯು ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಂಜಿನ್ ತಿರುಗುವಷ್ಟು ಆಯಿಲ್ ಸಡಿಲವಾಗಿರುತ್ತದೆಯೇ ಎಂಬುದನ್ನು ಹೇಳುತ್ತದೆ. 20ಡಬ್ಲ್ಯು ಆಯಿಲನ್ನು ಅದಕ್ಕಾಗಿ ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 5ಡಬ್ಲ್ಯು ಆಯಿಲನ್ನು 30 ಡಿಗ್ರಿ ಕೆಳಗೆ. ಪುಷ್ಯಮಾಸದ ನಸುಕಿನಲ್ಲೂ ಕಲಬುರಗಿ ಅಂಥ ಚಳಿ ಕಂಡಿಲ್ಲ. ನಮಗೆ ಹೆಚ್ಚು ಬೇಕಾದದ್ದು ಎರಡನೆಯ ಅಂಕಿ, 100 ಡಿಗ್ರಿ ಶಾಖದಲ್ಲಿ ಆಯಿಲ್ ಎಷ್ಟು ಗಟ್ಟಿ ನಿಲ್ಲುತ್ತದೆ ಎಂಬುದು. 40ರ ದರ್ಜೆ ಅಂದರೆ ಆ ಶಾಖದಲ್ಲಿ 12.5ರಿಂದ 16.3 ಸೆಂಟಿಸ್ಟೋಕ್. 50 ಅಂದರೆ ಅದಕ್ಕೂ ಮೇಲೆ, 21.9ರವರೆಗೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಲ್ಲಿ, ಹಳೇ ವಿನ್ಯಾಸದ ಎಂಜಿನ್ನಿಗೆ 40 ಸಾಕು ಎಂಬುದು ನನ್ನ ನಂಬಿಕೆ. ಕಂಪನಿಯ ಪುಸ್ತಕ ಒಪ್ಪಿದ್ದರೆ, ಜೊತೆಗೆ ಎಂಜಿನ್ ನಿಜಕ್ಕೂ ಸವೆದಿದ್ದರೆ, 50ಕ್ಕೆ ಹೋಗಬಹುದು. ಹಳೇ ಪುಸ್ತಕಗಳಲ್ಲಿ ಉಷ್ಣಾಂಶದ ಪಟ್ಟಿ ಹಾಕಿ, ಎಷ್ಟು ಬಿಸಿಲಿಗೆ ಯಾವ ದರ್ಜೆ ಅಂತ ತೋರಿಸಿರುತ್ತಾರೆ. ಅದನ್ನು ಮಿಸ್ತ್ರಿಯ ಮುಂದೆ ಬಿಚ್ಚಿಡಲು ಸಂಕೋಚ ಬೇಡ.

ಇದೇ ಮಾತು ಹೊಸ ಕಾರಿಗೆ ಸಲ್ಲುವುದಿಲ್ಲ. 5ಡಬ್ಲ್ಯು-30 ಅಥವಾ 0ಡಬ್ಲ್ಯು-20 ಕೇಳುವ ಎಂಜಿನ್ನಿಗೆ, ಬಿಸಿಲು ಜಾಸ್ತಿ ಅಂತ 20ಡಬ್ಲ್ಯು-50 ಸುರಿದರೆ ಅದರ ಸಣ್ಣ ದಾರಿಗಳಲ್ಲಿ ಆಯಿಲ್ ತಡವಾಗಿ ಹರಿಯುತ್ತದೆ. 2020ರ ನಂತರದ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅವಕ್ಕೆ ಕಡಿಮೆ ಬೂದಿಯ ಆಯಿಲೇ ಆಗಬೇಕು.

ಡಬ್ಬಿಯ ಹಿಂಬದಿಯಲ್ಲಿ ಎಪಿಐ ಎಂದು ಬರೆದ ಎರಡಕ್ಷರವನ್ನೂ ನೋಡಬೇಕು. ಎಸ್‌ನಿಂದ ಶುರುವಾದರೆ ಪೆಟ್ರೋಲಿಗೆ, ಸಿ ಆದರೆ ಡೀಸೆಲಿಗೆ. 2010ರಲ್ಲಿ ಎಸ್‌ಎನ್ ಬಂತು, 2020ರಲ್ಲಿ ಎಸ್‌ಪಿ. 800ರಂಥ ಕಾರಿಗೆ ಇವೆರಡರಲ್ಲಿ ಯಾವುದಾದರೂ ನಡೆಯುತ್ತದೆ.

ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಹೋದ ವರ್ಷದವರೆಗೆ ಈ ಗಾಡಿ ಕಲಬುರಗಿಯ ನಮ್ಮ ಮನೆಯಲ್ಲೇ ಇತ್ತು. ಸೂಪರ್ ಮಾರ್ಕೆಟ್, ಶರಣಬಸವೇಶ್ವರ ಗುಡಿ, ಹೆಚ್ಚೆಂದರೆ ಸ್ಟೇಷನ್, ಇಷ್ಟೇ ಅದರ ತಿರುಗಾಟ. ಎಂಜಿನ್ ಪೂರ್ತಿ ಕಾಯುವ ಮೊದಲೇ ಬಂದ್ ಮಾಡುತ್ತಿದ್ದೆವು. ಹಾಗಾದಾಗ ಒಳಗೆ ಹುಟ್ಟಿದ ನೀರಿನ ಪಸೆ ಹೊರಗೆ ಹೋಗುವುದಿಲ್ಲ, ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದರ ಕೂರುತ್ತದೆ. ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ ಕಾಯಿಲೆ ಇರಬಹುದು. ನಮ್ಮದರಲ್ಲಿ ನೀರು ಸರಿಯಿತ್ತು. ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿ.ಮೀ. ಒಂದೇ ಓಟದಲ್ಲಿ ಓಡತೊಡಗಿದ ಮೇಲೆ ಮುಚ್ಚಳ ಸ್ವಚ್ಛವಾಗಿದೆ. ಬರೀ ಊರೊಳಗೇ ತಿರುಗುವ ಗಾಡಿಯ ಆಯಿಲನ್ನು ಕಿಲೋಮೀಟರ್ ತುಂಬುವವರೆಗೆ ಕಾಯದೆ ತಿಂಗಳ ಲೆಕ್ಕದಲ್ಲೇ ಬದಲಿಸಬೇಕು.

ಇನ್ನು ತೊಗರಿ ರಾಶಿಯ ಕಾಲದ ದೂಳು. ಏರ್ ಫಿಲ್ಟರ್ ಸರಿಯಿಲ್ಲದಿದ್ದರೆ ಆ ದೂಳು ಒಳಗೆ ಹೋಗಿ ಆಯಿಲಿಗೆ ಸೇರುತ್ತದೆ, ಆಮೇಲೆ ಎಷ್ಟು ದುಬಾರಿ ಡಬ್ಬಿ ತಂದರೂ ರಿಂಗ್ ಸವೆಯುವುದು ತಪ್ಪುವುದಿಲ್ಲ. ಆಯಿಲ್ ಜೊತೆ ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಎರಡನ್ನೂ ನೋಡಿಸಿ. ಡಬ್ಬಿಯ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ, ಖಾಲಿಯಾದ ಮೇಲೆ ತೂತು ಮಾಡಿಸಿ. ಖಾಲಿ ಡಬ್ಬಿಗಳಿಗೆ ನಕಲಿ ಆಯಿಲ್ ತುಂಬಿ ಮಾರುವ ದಂಧೆ ದೇಶದ ತುಂಬ ಇದೆ. ಇಳಿಸಿದ ಕರಿ ಆಯಿಲ್ ಚರಂಡಿಗೂ ಹೋಗಬಾರದು, ಹೊಲಕ್ಕೂ ಹೋಗಬಾರದು. ಗ್ಯಾರೇಜಿನ ಪೀಪಾಯಿಯಲ್ಲೇ ಬಿಟ್ಟು ಬನ್ನಿ.

ಕಾಕಾನಿಗೆ ಒಂದು ಅನುಮಾನ ಉಳಿದಿತ್ತು. ಪಕ್ಕದ ಹೊಲದವರು 20ಡಬ್ಲ್ಯು-50 ಹಾಕಿಸಿದ್ದಾರಂತೆ, ತಮಗೂ ಅದೇ ಆಗಲಿ ಎಂದರು. ಚಾಚಾ ತಲೆಯಾಡಿಸಿದರು. ‘ನಕ್ಕೋ ಕಾಕಾ. ಅವರ ಗಾಡಿ ಬ್ಯಾರೆ, ನಿಮ್ಮ ಗಾಡಿ ಬ್ಯಾರೆ.’ ಪುಸ್ತಕದ ಪಟ್ಟಿಯಲ್ಲಿ 15ಡಬ್ಲ್ಯು-40 ಇತ್ತು, ಅದನ್ನೇ ಹಾಕಿಸಿದೆವು. ಸೀಲ್ ಕೆಲಸ ತೊಗರಿ ಮಾರಿದ ಮೇಲೆ. ಅಲ್ಲಿಯವರೆಗೆ ವಾರಕ್ಕೊಮ್ಮೆ, ಸಮತಟ್ಟು ನೆಲದಲ್ಲಿ, ಎಂಜಿನ್ ತಣ್ಣಗಿದ್ದಾಗ ಗೇಜ್ ನೋಡಿ ಎಷ್ಟು ಇಳಿದಿದೆ ಅಂತ ಕಾಕಾ ಕನ್ನಡದಲ್ಲಿ ಬರೆದಿಡುತ್ತಾರೆ. ಅದನ್ನು ಚಾಚಾನಿಗೆ ಫೋನಿನಲ್ಲಿ ದಖನಿಯಲ್ಲಿ ಹೇಳುವ ಕೆಲಸ ನನ್ನದು.