ಮಿರಜೆಯ ಬೀದಿಯಲ್ಲೊಂದು ಮನೆಗಾಡಿ

ಜತ್ತ ತಾಲೂಕಿನ ನಮ್ಮ ಕನ್ನಡ ಮನೆಗಳಲ್ಲಿ ‘ಮಿರಜಿಗೆ ಹೋಗ್ಯಾರ’ ಎಂದರೆ, ಯಾರಿಗೆ ಏನಾಗಿದೆಯೆಂದೇ ಕೇಳುವವರು ಕೇಳುತ್ತಾರೆ. ಡಾಕ್ಟರ್ ವಾನ್‌ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಆ ಊರು ವೈದ್ಯರ ಊರಾಯಿತು. ಅಥಣಿ, ಚಿಕ್ಕೋಡಿ, ವಿಜಯಪುರದ ಕಡೆಯ ರೋಗಿಗಳಿಗೂ ಅದು ದೂರವೆನಿಸಲಿಲ್ಲ. ರೋಗಿಗೇನೋ ಮಂಚ ದೊರೆಯುತ್ತದೆ, ಜೊತೆಗೆ ಬಂದವರಿಗೆ ನೆಲೆಯೆಲ್ಲಿ? ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಹಲವು ವಾರ. ಅಷ್ಟು ದಿನ ಲಾಡ್ಜಿನ ಬಾಡಿಗೆ ತೆರಲಾರದವರು ತಮ್ಮ ವಾಹನದಲ್ಲಿಯೇ ಮಲಗುವುದುಂಟು.

ನಮ್ಮ ಸೋದರಮಾವನವರ ಚಿಕಿತ್ಸೆಗೆಂದು ಹೋದಾಗ ನಾವೂ ಹಾಗೆಯೇ ಮಾಡಿದೆವು. ಬಂಧುಗಳ ಎರಡು ಟೆಂಪೋ ಗಾಡಿಗಳಿಗೆ ಹಾಸಿಗೆ, ಫ್ಯಾನು, ದೀಪಗಳನ್ನು ಅಳವಡಿಸಿ, ಛಾವಣಿಯ ಮೇಲೆ 200 ವ್ಯಾಟಿನ ಒಂದೊಂದು ಸೌರಫಲಕವನ್ನು ಕೂಡಿಸಲಾಗಿತ್ತು. ಒಂದರಲ್ಲಿದ್ದುದು ನಾವೆಲ್ಲ ಬಲ್ಲ, ನೀರು ಹಾಕುವ ಸೀಸದ ಬ್ಯಾಟರಿ. ಇನ್ನೊಂದರಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಹೊಸ ಬಗೆಯದು. ಎರಡೂ 12 ವೋಲ್ಟಿನವು, ಎರಡರ ಮೇಲೂ 100 ಆಂಪಿಯರ್-ಗಂಟೆ ಎಂದೇ ಬರೆದಿತ್ತು. ಬರೆದದ್ದು ಒಂದೇ ಆದರೂ ಕೊಡುವುದು ಒಂದೇ ಅಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡುತ್ತ ಹೋದರೆ ಅದರ ಆಯುಷ್ಯ ಬೇಗನೆ ತೀರುತ್ತದೆ. ಆದುದರಿಂದ ಅದರಿಂದ ನಿಜವಾಗಿ ಬಳಸಬಹುದಾದದ್ದು ಸುಮಾರು 600 ವ್ಯಾಟ್-ಗಂಟೆ ಮಾತ್ರ. ಲಿಥಿಯಂನಿಂದ ಸಾವಿರದಷ್ಟನ್ನು ನಿಶ್ಚಿಂತೆಯಿಂದ ತೆಗೆಯಬಹುದು. ತೂಕದಲ್ಲಿಯೂ ಅಂತರವೇ: ಮೊದಲನೆಯದು 30 ಕಿಲೋ ಮೀರುತ್ತದೆ, ಎರಡನೆಯದು 12 ಕಿಲೋ ಆಸುಪಾಸು. “ಮಾಸ್ತರ್ರೀ, ಅದನ್ನ ಎತ್ತಾಕ ಇಬ್ಬರು ಬೇಕು, ಇದನ್ನ ನಾ ಒಬ್ಬನ ಎತ್ತತೀನಿ ನೋಡ್ರಿ” ಎಂದು ಚಾಲಕ ಹುಡುಗ ಎತ್ತಿಯೇ ತೋರಿಸಿದನು.

ಆದರೂ ಮೊದಲ ವಾರದಲ್ಲಿ ನನಗೆ ಹೊಸದರ ಹಿರಿಮೆ ಕಾಣಲಿಲ್ಲ. 20 ವ್ಯಾಟಿನ ಫ್ಯಾನು ಇರುಳೆಲ್ಲ ತಿರುಗಿದರೆ 200, ದೀಪಗಳಿಗೆ 50, ನಾಲ್ಕು ಮೊಬೈಲುಗಳಿಗೆ 60. ಇಷ್ಟನ್ನು ಹಳೆಯ ಬ್ಯಾಟರಿಯೂ ಸಲೀಸಾಗಿ ಪೂರೈಸಿತು. ಬೇಸಗೆಯ ಬಿಸಿಲಿನಲ್ಲಿ ಫಲಕವು ಹಗಲೊಳಗೆ ಅದನ್ನೆಲ್ಲ ತುಂಬಿಕೊಡುತ್ತಿತ್ತು. ಇಷ್ಟಕ್ಕಾಗಿ ಎರಡು ಮೂರು ಪಟ್ಟು ಹಣ ತೆತ್ತು ಲಿಥಿಯಂ ಕೊಳ್ಳಬೇಕಾಗಿಲ್ಲವೆಂದೇ ಈಗಲೂ ನನ್ನ ಮತ. ಆದರೆ ಸೀಸದ ಬ್ಯಾಟರಿ ತುಂಬುವಾಗ ಹೈಡ್ರೋಜನ್ ಅನಿಲ ಹೊರಡುತ್ತದೆ. ಮುಚ್ಚಿದ ಗಾಡಿಯಲ್ಲಿ ಮಲಗುವ ಹಾಸಿಗೆಯ ಕೆಳಗೆ ಅದನ್ನು ಇಡಲೇಬಾರದು.

ಚಿಕಿತ್ಸೆಯಿಲ್ಲದ ಭಾನುವಾರದಂದು ಸಾಂಗಲಿಗೆ ಹೋಗಿ, ಕೃಷ್ಣೆಯ ದಂಡೆಯ ಗಣಪತಿಯ ದರ್ಶನ ಪಡೆದು, 1929ರ ಇರ್ವಿನ್ ಸೇತುವೆಯ ಮೇಲೆ ನಿಂತೆವು. 2019ರ ಆಗಸ್ಟಿನಲ್ಲಿ ನೀರು ಇಲ್ಲಿ 57 ಅಡಿ ಮುಟ್ಟಿ, ಊರಿನ ಬಹುಭಾಗ ಮುಳುಗಿತ್ತು. ಸಂಜೆ ಮಿರಜೆಗೆ ಮರಳಿ ತಂಬೂರಿ ಮಾಡುವವರ ಬೀದಿಯಲ್ಲಿ ಸುತ್ತಾಡಿದೆವು. ಪಂಢರಪುರದ ಕಡೆಯ ಸೋರೆಬುರುಡೆಗಳು ಅಲ್ಲಿ ಸಾಲಾಗಿ ತೂಗುತ್ತವೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದು ಈ ಊರಿನಲ್ಲಿಯೇ. ಮಾವನವರು ಗಾಡಿಯಿಂದ ಇಳಿಯಲಾರದೆ, ಒಬ್ಬ ಕುಶಲಕರ್ಮಿ ಶ್ರುತಿ ಕೂಡಿಸುತ್ತಿದ್ದುದನ್ನು ಕಿಟಕಿಯಿಂದಲೇ ಬಹಳ ಹೊತ್ತು ಕೇಳಿದರು.

ಬ್ಯಾಟರಿಯ ನಿಜವಾದ ಪರೀಕ್ಷೆ ಒದಗಿದ್ದು ಮರಳುವ ದಿನ. ಮಾವನವರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಿಡಬಾರದೆಂದು ವೈದ್ಯರು ವಿಧಿಸಿದರು. ನಿಮಿಷಕ್ಕೆ 5 ಲೀಟರ್ ಕೊಡುವ ಆ ಯಂತ್ರಕ್ಕೆ ಸುಮಾರು 350 ವ್ಯಾಟ್ ಬೇಕು. ಇನ್ವರ್ಟರಿನಲ್ಲಿ ಕಳೆಯುವುದು ಬೇರೆ. ಸೀಸದ ಬ್ಯಾಟರಿಯ ಒಂದು ಗುಣವೆಂದರೆ, ನಿಧಾನವಾಗಿ ಕೇಳಿದರೆ ಪೂರ್ತಿ ಕೊಡುತ್ತದೆ, ಅವಸರದಿಂದ ಎಳೆದರೆ ಕೊಡುವುದೇ ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ ಅದು ಒಂದು ಗಂಟೆಯ ಮೇಲೆ ನೆಚ್ಚುವಂತಿರಲಿಲ್ಲ. ನಮ್ಮೂರಿನ ದಾರಿ ಎರಡು ಗಂಟೆಯದು. ಲಿಥಿಯಂ ಎರಡೂವರೆ ಗಂಟೆ ನಡೆಸಬಲ್ಲದಾಗಿತ್ತು. ಓಡುವ ಎಂಜಿನ್ನಿನಿಂದ ನಡುವೆ ತುಂಬಿಕೊಳ್ಳಲು ತಕ್ಕ ಚಾರ್ಜರನ್ನೂ ಕೂಡಿಸಿದ್ದರು. ಇಷ್ಟಾದರೂ ತುಂಬಿದ ಸಿಲಿಂಡರೊಂದನ್ನು ಹಾಸಿಗೆಯ ಬಳಿಯಲ್ಲಿಯೇ ಕಟ್ಟಿಸಿದೆನು. ಉಸಿರಿನ ವಿಷಯದಲ್ಲಿ ಒಂದೇ ಯಂತ್ರವನ್ನು ನಂಬುವುದು ಸಲ್ಲದು.

ಕೊಳ್ಳಬಯಸುವ ವಾಚಕರು ‘ಲಿಥಿಯಂ’ ಎಂಬ ಹೆಸರಿಗೇ ಮರುಳಾಗಬಾರದು. ಐರನ್ ಫಾಸ್ಫೇಟಿನ ಬಗೆಯೇ ಹೌದೆ, ಒಳಗೆ ಕಾವಲು ಕಾಯುವ ಬಿಎಂಎಸ್ ಮಂಡಲವಿದೆಯೆ, ಕೋಶಗಳು ಹೊಸವೆ ಎಂದು ವಿಚಾರಿಸಿ, ರಸೀದಿ ಪಡೆಯಬೇಕು. ಬಿಸಿಲಿಗೆ ಬಿಟ್ಟ ಮುಚ್ಚಿದ ಗಾಡಿಯ ಕಾವು ಇದರ ಆಯುಷ್ಯವನ್ನೂ ತಿನ್ನುತ್ತದೆ. ಆದುದರಿಂದ ನೆರಳು ನೋಡಿ ನಿಲ್ಲಿಸಬೇಕು.

ಅಂದು ಕವಠೆ ಮಹಾಂಕಾಳ ದಾಟಿ ಊರು ಸೇರುವವರೆಗೂ ಯಂತ್ರ ನಿಲ್ಲಲಿಲ್ಲ, ಸಿಲಿಂಡರನ್ನು ತೆರೆಯುವ ಪ್ರಸಂಗವೂ ಬರಲಿಲ್ಲ. ಲಿಥಿಯಂ ಬ್ಯಾಟರಿಯನ್ನು ಈಗ ಗಾಡಿಯಿಂದ ಇಳಿಸಿ ಮಾವನವರ ಮಂಚದ ಪಕ್ಕದಲ್ಲಿ ಇಟ್ಟಿದ್ದೇವೆ. ನಮ್ಮಲ್ಲಿ ಕರೆಂಟು ಹೋಗುವುದು ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲಿ.