ಮೂರು ಗೂಟ, ಮೂರು ಚೀಲ

ನಮ್ಮನೆ ನಡುಮನೆ ಬಾಗಿಲ ಪಕ್ಕ ಗೋಡೆಗೆ ಮೂರು ಗೂಟ ಇದಾವೆ. ನಾನು ಸೊಸೆಯಾಗಿ ಬಂದಾಗ ಒಂದೊಂದರಲ್ಲೂ ಒಂದು ಬಟ್ಟೆ ಚೀಲ ನೇತಾಡ್ತಿತ್ತು. ಕಡೂರು ಚೀಲ, ತರೀಕೆರೆ ಚೀಲ, ಅಜ್ಜಂಪುರದ ಚೀಲ. ನಮ್ಮ ಹಳ್ಳಿಯಿಂದ ಮೂರಕ್ಕೂ ಹೋಗಬಹುದು, ಆದ್ರೆ ಯಾವುದಕ್ಕೂ ದಿನಾ ಹೋಗಿ ಬರೋಕಾಗಲ್ಲ. ಅದಕ್ಕೇ ಅತ್ತೆ ಈ ಏರ್ಪಾಟು ಮಾಡಿಟ್ಟಿದ್ರು. ಮಿಕ್ಸಿ ಜಾರು ಕೆಟ್ರೆ ಕಡೂರು ಚೀಲಕ್ಕೆ. ಹೊಲಿಸೋಕೆ ಕೊಡೋ ರವಿಕೆ ಬಟ್ಟೆ ತರೀಕೆರೆ ಚೀಲಕ್ಕೆ. ಯಾರು ಯಾವ ಊರಿಗೆ ಹೊರಟ್ರೂ ಆ ಊರಿನ ಚೀಲ ಹೆಗಲಿಗೆ ಹಾಕ್ಕೊಂಡು ಹೋಗೋದು, ಅಷ್ಟೇ. ಏನು ಕೆಲಸ ಅಂತ ಕೇಳೋ ಹಾಗೇ ಇಲ್ಲ, ಚೀಲದಲ್ಲೇ ಇರ್ತಿತ್ತು.

ಮಾವನವರ ಪದ್ಧತಿ ಬೇರೆ. ಬೀರೂರು ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ ಮಾಡಿದೋರು. ಕೊಕ್ಕೆ ತಂತಿಗೆ ಕಾಗದ ಚುಚ್ಚಿ ಇಡೋರು. ತೋಟದ್ದು ಒಂದು ತಂತಿ, ಮನೆ ಕಟ್ಟಿಸಿದ್ದು ಒಂದು, ಮಗಳ ಮದುವೇದು ಒಂದು. ಅತ್ತೆದು ಊರಿನ ಲೆಕ್ಕ, ಮಾವನವರದ್ದು ಕಾರ್ಯದ ಲೆಕ್ಕ. ಇಬ್ಬರೂ ಇದರ ಮೇಲೆ ಜಗಳ ಆಡಿದ್ದನ್ನೂ ನಾನು ನೋಡಿದೀನಿ.

2017ರ ಬಜೆಟ್ಟಲ್ಲಿ ಅಜ್ಜಂಪುರ ತಾಲ್ಲೂಕು ಅಂತ ಘೋಷಣೆ ಆಗಿ, ಆಮೇಲೆ ಕಚೇರಿ ಶುರುವಾದಾಗ ಅತ್ತೆ ಚೀಲದ ಲೆಕ್ಕವೇ ಏರುಪೇರಾಯ್ತು. ಅಲ್ಲಿವರೆಗೆ ಪಹಣಿ, ಖಾತೆ ಎಲ್ಲ ತರೀಕೆರೆ ಚೀಲದ್ದು. ಈಗ ಅಜ್ಜಂಪುರದ್ದು. ಆದ್ರೆ ಎಸಿ ಕಚೇರಿ ಇರೋದು ತರೀಕೆರೆಯಲ್ಲೇ. ಒಂದೇ ಜಮೀನಿನ ಕಾಗದ ಎರಡು ಚೀಲದಲ್ಲಿ. ಮಾವನವರು ತಂತಿ ತೋರಿಸಿ ನಗೋರು, "ನಂದು ಎಲ್ಲಾ ಒಂದೇ ಕಡೆ ಐತೆ ನೋಡು" ಅಂತ.

ಮಾವನವರು ತೀರಿಕೊಂಡ ಮೇಲೆ ತಂತಿ, ಚೀಲ ಎಲ್ಲ ನನ್ನ ಪಾಲಿಗೆ ಬಂತು. ಪೌತಿ ಖಾತೆ, ಕರೆಂಟ್ ಮೀಟರಿನ ಹೆಸರು, ಅತ್ತೆಯ ಫ್ಯಾಮಿಲಿ ಪೆನ್ಷನ್ನು, ಒಂದಾ ಎರಡಾ. ಬೆಂಗಳೂರಲ್ಲಿ ಕೆಲಸದಲ್ಲಿರೋ ಮಗ ಹಬ್ಬಕ್ಕೆ ಬಂದಾಗ ನನ್ನ ಒದ್ದಾಟ ನೋಡಿ ಫೋನಿಗೆ ಟೂಡೂ ಟಿಎಕ್ಸ್‌ಟಿ ಹಾಕಿಕೊಟ್ಟ. ಜೀನಾ ಟ್ರಪಾನಿ ಅನ್ನೋ ಹೆಂಗಸು 2006ರಲ್ಲಿ ಶುರು ಮಾಡಿದ್ದಂತೆ. ಸಾದಾ ಅಕ್ಷರದ ಫೈಲು, ಒಂದು ಸಾಲಿಗೆ ಒಂದು ಕೆಲಸ. ಕೆಲಸ ಯಾವ ಕಾರ್ಯಕ್ಕೆ ಸೇರಿದ್ದು ಅನ್ನೋದಕ್ಕೆ ಪ್ಲಸ್ ಗುರುತು, ಎಲ್ಲಿ ಅಥವಾ ಯಾವುದರಿಂದ ಮಾಡೋದು ಅನ್ನೋದಕ್ಕೆ ಅಟ್ ಗುರುತು. "ಅಪ್ಪನ ಖಾತೆ ಅರ್ಜಿ +ಜಮೀನು @ಅಜ್ಜಂಪುರ." ನನಗೆ ನಗು ಬಂತು. ಪ್ಲಸ್ ಅಂದ್ರೆ ಮಾವನ ತಂತಿ, ಅಟ್ ಅಂದ್ರೆ ಅತ್ತೆ ಚೀಲ. ಬಸ್ಸಿಳಿದು @ಕಡೂರು ಒತ್ತಿದ್ರೆ ಕಡೂರಿನ ಕೆಲಸ ಮಾತ್ರ ಕಾಣುತ್ತೆ, ಮಿಕ್ಕಿದ್ದೆಲ್ಲ ಮಾಯ. ಗೂಟದಿಂದ ಚೀಲಗಳನ್ನ ತೆಗೆದು ಒಗೆದು ಮಡಚಿಟ್ಟೆ. ಅತ್ತೆ ಏನೂ ಅನ್ನಲಿಲ್ಲ.

ಆ ವರ್ಷ ನವೆಂಬರಿನಲ್ಲಿ ಕಡೂರಿಗೆ ಮೂರು ಸಲ ಹೋಗಿದ್ದೆ. ಮೂರು ಸಲವೂ ಪಟ್ಟೀಲಿದ್ದ ಅಷ್ಟೂ ಕೆಲಸಕ್ಕೆ ಟಿಕ್ ಹಾಕಿ, ಜಂಬದಿಂದ ಬಸ್ ಹತ್ತಿದ್ದೆ.

ಜನವರಿಯಲ್ಲಿ ಒಂದಿನ ಅತ್ತೆ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಕಾಗದದ ಪೊಟ್ಟಣ ಸಿಕ್ತು. ಒಳಗೆ ಬಿಪಿ ಮಾತ್ರೆ, ಒಂದೊಂದೂ ಅರ್ಧ ಅರ್ಧ ಮುರಿದಿದ್ದು. ಅವರ ಮಾತ್ರೆಗೆ ಯಾವತ್ತೂ ಅವರದ್ದೇ ದುಡ್ಡು. ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಮಿಷನ್ ಹಿಡಿದು ಊರಿಗೆ ಬರೋ ಹುಡುಗನ ಹತ್ರ ತಿಂಗಳಿಗೊಂದ್ಸಲ ತಗೊಂಡು, ನಮ್ಮನೇವ್ರ ಕೈಗೆ ಎಣಿಸಿ ಕೊಟ್ಟು ತರಿಸ್ಕೊಳ್ಳೋರು. ಮಗನಿಗೂ ಸಾಲ ಉಳಿಸ್ಕೊಳ್ಳೋ ಜೀವ ಅಲ್ಲ ಅದು. ಆ ಹುಡುಗ ಡಿಸೆಂಬರಿಂದ "ಅಜ್ಜೀ, ದುಡ್ಡು ಬಂದಿಲ್ಲ" ಅಂತಿದ್ನಂತೆ. ಇದ್ದ ಮಾತ್ರೇನೇ ಮುರಿದು ನುಂಗ್ತಾ ಇದ್ದಾರೆ.

"ಯಾಕೆ ಹೇಳ್ಲಿಲ್ಲ ಅತ್ತೆ?" ಅಂದೆ. ದನಿ ಜೋರಾಗೇ ಬಂದಿರ್ಬೇಕು.

"ನೀನು ಫೋನಲ್ಲಿ ಬರ್ಕಂಡಿದ್ಯಲ್ಲವ್ವ. ಬರ್ಕಂಡಿದ್ದು ಮರೀತಾರಾ ಅಂತ ಸುಮ್ಕಿದ್ದೆ" ಅಂದ್ರು.

ಬರ್ಕೊಂಡಿದ್ದು ನಿಜ. ಫೋನ್ ತೆಗೆದು ನೋಡಿದ್ರೆ ಸಾಲು ಅಲ್ಲೇ ಇದೆ: "ಅತ್ತೆ ಜೀವನ ಪ್ರಮಾಣ ಪತ್ರ, ನವೆಂಬರ್ +ಪೆನ್ಷನ್." ಅಟ್ ಗುರುತಿಲ್ಲ. ಎಲ್ಲಿ ಮಾಡಿಸೋದು, ಬ್ಯಾಂಕಲ್ಲೋ ಅಂಚೆ ಕಚೇರೀಲೋ ಅಂತ ಬರೆಯೋ ಹೊತ್ತಲ್ಲಿ ಗೊತ್ತಿರಲಿಲ್ಲ, ಆಮೇಲೆ ಸೇರಿಸೋಣ ಅಂತ ಬಿಟ್ಟಿದ್ದೆ. ಊರಿನ ಹೆಸರಿಲ್ಲದ ಕೆಲಸ ಯಾವ ಊರಲ್ಲಿ ನಿಂತು ನೋಡಿದ್ರೂ ಕಾಣಲ್ಲ. ಮೂರು ಸಲ ಬ್ಯಾಂಕಿನ ಬಾಗಿಲ ಮುಂದೇ ಹಾದು ಹೋಗಿದೀನಿ.

ಮಗನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಈ ಕಾಂಟೆಕ್ಸ್ಟ್ ಲೆಕ್ಕಾನ ಡೇವಿಡ್ ಅಲೆನ್ ಅನ್ನೋರು 2001ರಲ್ಲೇ ಪುಸ್ತಕ ಬರೆದು ಹೇಳಿದಾರೆ, ಆದ್ರೆ ವಾರಕ್ಕೊಂದ್ಸಲ ಕೂತು ಎಲ್ಲಾ ಕಾರ್ಯದ ಪಟ್ಟೀನೂ ಮೊದಲಿಂದ ಕೊನೇವರೆಗೆ ನೋಡ್ಲೇಬೇಕು ಅಂತಾನೂ ಹೇಳಿದಾರೆ ಅಂದ. ಅದನ್ನ ನೀನು ನನಗೆ ಹೇಳಿದ್ಯೇನೋ ಅಂದ್ರೆ, "ಬೋರಾಗುತ್ತೆ ಅಂತ ಬಿಟ್ಟೆ ಅಮ್ಮ" ಅಂತಾನೆ.

ಇನ್ನೊಂದು ಕೇಳಿ. ಆ ಕೆಲಸಕ್ಕೆ ಊರೇ ಬೇಕಿರಲಿಲ್ಲ. 2021ರಿಂದ ಜೀವನ ಪ್ರಮಾಣಕ್ಕೆ ಮುಖ ತೋರಿಸಿದ್ರೂ ಆಗುತ್ತೆ, ಫೋನಲ್ಲೇ. ಆ ಶನಿವಾರ ಮಗ ಬಂದು ಅತ್ತೇನ ಜಗಲಿ ಮೇಲೆ ಬೆಳಕಿಗೆ ಕೂರಿಸಿ, ಆಧಾರ್ ನಂಬರು, ಪಿಪಿಒ ನಂಬರು ಹಾಕಿದ. "ಅಜ್ಜಿ, ಕಣ್ಣು ಮಿಟುಕಿಸು" ಅಂದ. ಅತ್ತೆ ಸೆರಗು ಸರಿ ಮಾಡ್ಕೊಂಡು, ಫೋಟೋ ತೆಗೆಸ್ಕೊಳ್ಳೋ ಹಾಗೆ ಬಿಗಿಯಾಗಿ ಕೂತು, ಎರಡು ಸಲ ಮಿಟುಕಿಸಿದ್ರು. ಕಾಲು ಗಂಟೆ ಕೆಲಸ. ನಿಂತಿದ್ದ ತಿಂಗಳುಗಳ ದುಡ್ಡು ಆಮೇಲೆ ಒಟ್ಟಿಗೇ ಬಂತು. ಮಾತ್ರೆ ದುಡ್ಡು ನಾನು ಕೊಟ್ಟಿದ್ದನ್ನ ಅತ್ತೆ ಚಿಲ್ಲರೆ ಸಮೇತ ವಾಪಸ್ ಕೊಟ್ರು. ಬೇಡ ಅನ್ನೋಕೆ ನನಗೆ ಮುಖ ಇರಲಿಲ್ಲ.

ಫೋನಿನ ಪಟ್ಟಿ ಈಗಲೂ ಇದೆ, ಬಿಟ್ಟಿಲ್ಲ. ಊರು ಗೊತ್ತಿಲ್ಲದ್ದಕ್ಕೆ @ಕೇಳಬೇಕು ಅಂತ ಹಾಕ್ತೀನಿ. ಚೀಲಾನೂ ಗೂಟಕ್ಕೆ ವಾಪಸ್ ಬಂದಿದಾವೆ. ಅವು ಇದ್ದಾಗ ಅತ್ತೆ ದಿನಾ ರಾತ್ರಿ ಮುದ್ದೆ ಮುರೀತಾ ಒಂದು ಮಾತು ಕೇಳೋರು, ಚೀಲ ಮಡಚಿಟ್ಟ ದಿನದಿಂದ ಕೇಳೋದು ಬಿಟ್ಟಿದ್ರು. ಅದು ನಿಂತಿದೆ ಅಂತಾನೂ ನನಗೆ ಅನ್ನಿಸಿರಲಿಲ್ಲ. ಈಗ ಮತ್ತೆ ಕೇಳ್ತಾರೆ.

"ನಾಳೆ ಯಾರ್ ಎಲ್ಲಿಗೆ ಹೋಗ್ತೀರಿ?"

ನಾಳೆ ನಾನು ಅಜ್ಜಂಪುರ. ಪಹಣಿ ತರೋದು, ಅತ್ತೆ ಚಪ್ಪಲಿ ಹೊಲಿಸೋದು. ಚಪ್ಪಲಿ ಆಗಲೇ ಚೀಲದಲ್ಲಿದೆ.