ಭೂಕಂಪಕ್ಕೆ ಬೀಳದ ಮನೆ

ತಾಷ್ಕೆಂಟ್ ಎಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು. 1966ರ ಜನವರಿ 10ರಂದು ಪಾಕಿಸ್ತಾನದೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಅವರು, ಬೆಳಗಾಗುವ ಮೊದಲೇ ಆ ಊರಿನಲ್ಲಿ ಕೊನೆಯುಸಿರೆಳೆದರು. 2019ರಲ್ಲಿ ಉಜ್ಬೆಕಿಸ್ತಾನಕ್ಕೆ ಹೋದಾಗ ನಾವು ಮೊದಲು ಕಂಡದ್ದು ಅವರ ಪ್ರತಿಮೆಯನ್ನೇ.

ಆ ಊರಿಗೂ ಅದೇ ವರ್ಷ ಆಪತ್ತು ಬಂದಿತ್ತು. ಏಪ್ರಿಲ್ 26ರ ಬೆಳಗಿನ 5.23ಕ್ಕೆ ಭೂಮಿ ಕಂಪಿಸಿತು. ಮಣ್ಣಿನ ಮನೆಗಳು ಕುಸಿದು ಸುಮಾರು 3 ಲಕ್ಷ ಮಂದಿ ಬೀದಿಗೆ ಬಂದರು. ಸೋವಿಯತ್ ಒಕ್ಕೂಟದ ನಾನಾ ಗಣರಾಜ್ಯಗಳ ಕಾರ್ಮಿಕರು ಬಂದು ನಗರವನ್ನು ಮತ್ತೆ ಕಟ್ಟಿದರು. ಇಂದು ಕಾಣುವ ವಿಶಾಲ ರಸ್ತೆಗಳು, ನೆರಳಿನ ಸಾಲುಮರಗಳು, ಕಾರಂಜಿಗಳು ಬಹುಪಾಲು ಆ ದುರಂತದ ನಂತರದವು. 1977ರಲ್ಲಿ ಮಧ್ಯ ಏಷ್ಯಾದ ಮೊದಲ ಮೆಟ್ರೋ ಕೂಡ ಇಲ್ಲೇ ಓಡಿತು. ಕವಿ ಅಲೀಶೇರ್ ನವಾಯಿಯ ಹೆಸರಿನ ನಿಲ್ದಾಣದಲ್ಲಿ ಇಳಿದಾಗ, ತಲೆಯ ಮೇಲಿನ ಗುಮ್ಮಟಗಳ ಸಾಲು ಕಂಡು ಮದ್ರಸವೊಂದರ ಒಳಗೆ ಬಂದೆವೇನೋ ಅನ್ನಿಸಿತು. 2018ರವರೆಗೆ ಅಲ್ಲಿ ಫೋಟೋ ತೆಗೆಯುವುದು ನಿಷಿದ್ಧವಾಗಿತ್ತಂತೆ.

ಹಜ್ರತ್ ಇಮಾಮ್ ಸಂಕೀರ್ಣದಲ್ಲಿ ಗಾಜಿನ ಹಿಂದೆ ಇಟ್ಟಿದ್ದ ಪುರಾತನ ಕುರ್‌ಆನ್ ಪ್ರತಿಯ ಮುಂದೆ ಬಹಳ ಹೊತ್ತು ನಿಂತೆವು. ಅದು ಖಲೀಫಾ ಉಸ್ಮಾನ್(ರ)ರ ಪ್ರತಿ ಎಂಬುದು ಜನರ ನಂಬಿಕೆ. ಅದು ನಂತರದ ಕಾಲದ್ದೆಂದು ಹೇಳುವ ವಿದ್ವಾಂಸರೂ ಇದ್ದಾರೆ. 1869ರಲ್ಲಿ ರಷ್ಯನ್ನರು ಸಮರ್ಕಂದ್‌ನಿಂದ ಪೀಟರ್ಸ್‌ಬರ್ಗ್‌ಗೆ ಒಯ್ದಿದ್ದ ಅದು, 1920ರ ದಶಕದಲ್ಲಿ ತಾಷ್ಕೆಂಟ್ ಸೇರಿತು. 1997ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು.

ಆದರೆ ನಮ್ಮೊಳಗೆ ಉಳಿದುಬಿಟ್ಟದ್ದು ಬೇರೊಂದು ಭೇಟಿ. ಚೋರ್ಸು ಮಾರುಕಟ್ಟೆಯ ನೀಲಿ ಗುಮ್ಮಟದ ಸಮೀಪದ ಚಹಾದಂಗಡಿಯಲ್ಲಿ ವೃದ್ಧರೊಬ್ಬರು ನಮ್ಮ ಸಲಾಮಿಗೆ ಉತ್ತರಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದೂಸ್ತಾನದವರೆಂದು ತಿಳಿದಾಗ “ರಾಜ್ ಕಪೂರ್!” ಎಂದು ನಕ್ಕರು. ನಾನ್ ಮುರಿದು ಕೊಟ್ಟು, ಬಟ್ಟಲಿಗೆ ಹಸಿರು ಚಹಾ ಸುರಿದರು. ನಮ್ಮೊಡನಿದ್ದ ವಿದ್ಯಾರ್ಥಿ ಅವರ ಮಾತನ್ನು ತಿಳಿಸುತ್ತಾ ಹೋದ.

ಭೂಕಂಪವಾದಾಗ ಅವರು ಶಾಲೆಗೆ ಹೋಗುವ ಹುಡುಗ. ಮನೆ ಬಿರುಕು ಬಿಟ್ಟರೂ ಬೀಳಲಿಲ್ಲ. ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮನೆ ಕಳಕೊಂಡ ನೆರೆಯವರು ತಿಂಗಳುಗಟ್ಟಲೆ ತಂಗಿದ್ದರು. “ಅಂದು ಬೀಳದ ಮನೆ ಮೊನ್ನೆ ಮೊನ್ನೆ ಬಿತ್ತು. ಹೊಸ ಕಟ್ಟಡಗಳಿಗೆ ಜಾಗ ಬೇಕಿತ್ತು” ಎಂದರು.

ಈಗ ಅವರದು ಏಳನೇ ಮಹಡಿಯ ಫ್ಲಾಟ್. ಲಿಫ್ಟ್ ಇದೆ, ಚಳಿಗಾಲಕ್ಕೆ ಬಿಸಿನೀರಿದೆ, ಮೆಟ್ರೋ ಹತ್ತಿರ. “ಸೊಸೆಗೆ ಸುಖವಾಗಿದೆ, ಸುಳ್ಳು ಹೇಳಬಾರದು. ಆದರೆ ಎದುರು ಮನೆಯವರ ಹೆಸರು ನನಗಿನ್ನೂ ಗೊತ್ತಿಲ್ಲ. ಮೊದಲು ಮಹಲ್ಲಾದಲ್ಲಿ ಯಾರಾದರೂ ತೀರಿಕೊಂಡರೆ ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚಲು ನಾವು ಬಿಡುತ್ತಿರಲಿಲ್ಲ.”

ಮಹಲ್ಲಾ! ಮೈಸೂರಿನ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳಲ್ಲಿರುವುದೂ ಅದೇ ಪದ. ಸಾವಿನ ಮನೆಗೆ ನೆರೆಯವರು ಬುತ್ತಿ ಒಯ್ಯುವ ರೂಢಿಯೂ ನಮಗೆ ಹೊಸತಲ್ಲ.

ಅವರಿಗೆ ಲಿಫ್ಟ್ ಬೇಡವೆನ್ನಲು ನಾವು ಯಾರು? ಮೆಟ್ಟಿಲೇರಲಾಗದ ಮೊಣಕಾಲು ಅವರದು. ಅನುಕೂಲ ತಪ್ಪಲ್ಲ. ಆದರೆ ಗುಮ್ಮಟಗಳಿಗೆ ಬಣ್ಣ ಬಳಿದು, ಗ್ರಂಥಗಳನ್ನು ಗಾಜಿನೊಳಗಿಟ್ಟು ಪರಂಪರೆ ಉಳಿಸಿದೆವು ಎನ್ನುವಾಗ, ಕೆಡವಿದ ಅಂಗಳಗಳನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ.

ಏಳುವಾಗ ಚಹಾದ ಹಣ ಕೊಡಲು ಹೋದೆವು. ಅವರು ಕೈ ಅಡ್ಡ ಹಿಡಿದರು. “ನಮ್ಮ ಮಹಲ್ಲಾಕ್ಕೆ ಬಂದ ಅತಿಥಿ” ಎಂದರು. ಆ ಮಹಲ್ಲಾ ಈಗ ಅವರ ಮಾತಿನಲ್ಲಷ್ಟೇ ಉಳಿದಿತ್ತು.